ನಾನು ಕಳಿಸಿಕೊಟ್ಟ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹುಡುಗಿಯಾಗಿದ್ದಾಗ ಮಗ್ಗದಲ್ಲಿ ಸಿಕ್ಕು ಜಜ್ಜಿಹೋಗಿದ್ದ ಆ ಬೆರಳು, ತುದಿಯಲ್ಲಿ ಚಪ್ಪಟೆಯಾಗಿ, ನೆನೆಸಿ ಸಿಪ್ಪೆ ತೆಗೆದ ಅವರೆಕಾಳಿನ ಹಾಗೆ ನುಣ್ಣಗಿತ್ತು. ಆ ಬೆರಳಿನಿಂದಲೇ ಆಕೆ ನನ್ನ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿದ್ದಳು. ಮುಂಜಾನೆ ರೊಟ್ಟಿ ಬಡಿಯುವ ಹೊತ್ತಿಗೆ ಮಕ್ಕಳು ಎದ್ದು ಬಂದರೆ ಎರಡು ಹಣೆಗಳ ಮೇಲೂ ಜೋಳದ ಹಿಟ್ಟಿನ ಬಿಳಿ ಗೀಟು ಮೂಡುತ್ತಿತ್ತು. ಶಾಲೆಗೆ ಕಳಿಸುವಾಗ ನಾನು ಅದನ್ನು ಸೆರಗಿನಿಂದ ಒರೆಸಿಬಿಡುತ್ತಿದ್ದೆ. ಹಣೆ ಹೊಲಸಾಗಿ ಕಾಣುತ್ತದೆ ಎಂದು ಕಾರಣ ಹೇಳುತ್ತಿದ್ದೆ. ಅದು ಸುಳ್ಳು. ಆ ಗುರುತು ನನ್ನ ಕೈಯದಾಗಿರಲಿಲ್ಲ, ಅಷ್ಟೇ.

ಅಕ್ಕ ಎಂದರೆ ನನ್ನ ಗಂಡನ ಒಡಹುಟ್ಟಿದ ಅಕ್ಕ; ಮಕ್ಕಳಿಗೆ ಅತ್ತಿ. ನಾವು ಆಗ ಗದಗಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ ಪಾಯಿಂಟ್ಸ್‌ಮನ್, ಗಾಡಿಗಳನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ಬಿಡುವ ಕೆಲಸ. ಸ್ವಾತಂತ್ರ್ಯ ಬಂದಾಗ ನಮ್ಮ ಸ್ಟೇಶನ್ನಿನ ಮೇಲೆ ಬಾವುಟ ಹಾರಿತು, ಹುಡುಗರಿಗೆ ಪೇಢೆ ಹಂಚಿದರು. ಆದರೆ ಪೂರ್ವಕ್ಕೆ ಎಂಟು ಹತ್ತು ಹರದಾರಿ ಹೋದರೆ ನಿಜಾಮನ ಸೀಮೆ; ಅಲ್ಲಿ ಅದೇ ಬಾವುಟ ಹಿಡಿದವರಿಗೆ ಪೆಟ್ಟು ಬೀಳುತ್ತಿತ್ತು. ಗಲಾಟೆ ಹೆಚ್ಚಿದಾಗ ಆಚೆಯ ಜನ ಗಂಟುಮೂಟೆ ಕಟ್ಟಿಕೊಂಡು ಮುಂಡರಗಿಗೆ, ಗಜೇಂದ್ರಗಡಕ್ಕೆ, ಗದಗಿಗೆ ಬಂದರು. ಅಕ್ಕ ಮುದಗಲ್ಲ ಕಡೆಯ ಒಂದು ಹಳ್ಳಿಯವಳು. ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಕ್ರೈಸ್ತರಾಗಿದ್ದ ನೇಕಾರರ ಮನೆ. ಗಂಡ ತೀರಿಹೋಗಿದ್ದ. ಒಂದು ಕೂಸು ಹುಟ್ಟಿ ಕೈಗೆ ಹತ್ತದೆ ಹೋಗಿತ್ತಂತೆ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗಜೇಂದ್ರಗಡದ ತನಕ ನಡೆದು, ಅಲ್ಲಿಂದ ಅರಳೆ ಹೇರಿದ ಲಾರಿಯಲ್ಲಿ ಕೂತು, ಒಂದು ಗಂಟು ಮತ್ತು ಕೊರಳಲ್ಲೊಂದು ಜಪಸರದೊಂದಿಗೆ ಆಕೆ ನಮ್ಮ ಬಾಗಿಲಿಗೆ ಬಂದಳು. "ನಾಕು ದಿನ ಇದ್ದು ಹೋಗ್ತೀನವ್ವ" ಎಂದಳು. ಎರಡು ವರ್ಷಕ್ಕೂ ಹೆಚ್ಚು ಇದ್ದಳು.

ನಾನು ತಾಯಿಯಿಲ್ಲದ ಹುಡುಗಿ. ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿ ದೇವರು ಗಂಟೆಯ ಜೊತೆ ಬರುತ್ತಿದ್ದ. ಗಂಟೆ ಹೊಡೆದರೆ ಮೊಣಕಾಲೂರಬೇಕು, ಮತ್ತೆ ಹೊಡೆದರೆ ಏಳಬೇಕು. ಧರ್ಮದ ಪ್ರಶ್ನೋತ್ತರಗಳಿರುವ ಜ್ಞಾನೋಪದೇಶದ ಪುಸ್ತಕ ನನಗೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಓದು ಬರಹ ಬಲ್ಲೆ ಎಂಬ ಹೆಮ್ಮೆ ಬೇರೆ. ನನ್ನ ಮಕ್ಕಳನ್ನು ಒಳ್ಳೆಯ ಕ್ರೈಸ್ತರನ್ನಾಗಿ ಮಾಡುವ ದಾರಿ ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಅಕ್ಕನಿಗೋ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಮಗಳು ತೆರೇಜಾಗೆ ಆಗ ಆರು ವರ್ಷ, ಮಗ ಅಂತೋಣಿಗೆ ನಾಲ್ಕು. ದಿನಾ ಮಧ್ಯಾಹ್ನ ತೆರೇಜಾಳನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೆ. "ದೇವರು ಎಲ್ಲಿದ್ದಾನೆ?" ಎಂದರೆ "ದೇವರು ಸರ್ವತ್ರ ಇದ್ದಾನೆ" ಎನ್ನಬೇಕು. ಒಂದು ದಿನ ಆಕೆಯ ನಾಲಿಗೆ ಆ ಶಬ್ದಕ್ಕೆ ಎಡವಿತು. ಮೂರು ಸಲ ಎಡವಿತು. ಕೆನ್ನೆಗೆ ಒಂದು ಕೊಟ್ಟೆ. ಹುಡುಗಿ ಅಳುತ್ತ ಹಿತ್ತಲಿಗೆ ಓಡಿತು. ಅಲ್ಲಿ ಅಕ್ಕ ಬೀಸುಕಲ್ಲಿನ ಮುಂದೆ ಕೂತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

"ಅತ್ತಿ, ಸರ್ವತ್ರ ಅಂದ್ರ ಯಾವೂರು?"

"ನನಗೂ ಗೊತ್ತಿಲ್ಲವ್ವ. ನಾ ನೋಡಿಲ್ಲ ಆ ಊರ್ನ." ಬೀಸುಕಲ್ಲು ಒಂದು ಸುತ್ತು ತಿರುಗಿತು. "ಮುಂಜಾನಿ ನಿನ್ನ ತಮ್ಮಗ ಹೊಡೀಬೇಕಂತ ಕೈ ಎತ್ತಿದ್ದಿ. ಹೊಡೀಲಿಲ್ಲ. ನಿನ್ನ ಕೈ ಹಿಡದಾಂವ ಯಾರು?"

ಹುಡುಗಿ ಮೂಗೊರೆಸಿಕೊಂಡು ಯೋಚಿಸಿತು. "ದೇವ್ರಾ?"

"ಹಂಗಾರ ಅಂವ ಅಲ್ಲಿದ್ದ ನೋಡು. ನಿನ್ನ ಮೊಣಕೈ ಕಡೆ."

ತೆರೇಜಾ ತನ್ನ ಮೊಣಕೈಯನ್ನು ಹಿಡಿದು ನೋಡಿಕೊಂಡು ನಕ್ಕಳು. ನಾನು ಹೊಡೆದ ಕೆನ್ನೆ ಇನ್ನೂ ಕೆಂಪಗಿತ್ತು. ಆ ನಗು ನನ್ನ ಹೊಟ್ಟೆಯೊಳಗೆ ಕೆಂಡ ಹಾಕಿದ ಹಾಗಾಯಿತು.

ಅಂದಿನಿಂದ ನನ್ನ ಕಣ್ಣು ಅಕ್ಕನ ಬೆನ್ನು ಬಿಡಲಿಲ್ಲ. ಅಂತೋಣಿ ಬಿದ್ದರೆ "ಅತ್ತೀ" ಎಂದು ಅಳುತ್ತಿದ್ದ. ಪಕ್ಕದ ಮನೆಯ ನೀಲವ್ವ ತನ್ನ ಕೂಸಿಗೆ ಜ್ವರ ಬಂದರೆ ಎತ್ತಿಕೊಂಡು ನಮ್ಮ ಮನೆಗೇ ಬರುತ್ತಿದ್ದಳು. "ಅಕ್ಕಾರ, ಒಂದೀಟು ಹಣಿ ಮುಟ್ರಿ. ನಿಮ್ಮ ಕೈ ತಂಪೈತಿ." ಆಕೆ ವಿಭೂತಿ ಹಚ್ಚಿಕೊಳ್ಳುವ ಹೆಣ್ಣುಮಗಳು, ಆದರೂ ಅಕ್ಕನ ಹೆಬ್ಬೆರಳೇ ಬೇಕು. ಅದೇ ಮನೆಯಲ್ಲಿ ನಾನೂ ಇದ್ದೆನಲ್ಲ, ನನ್ನನ್ನು ಯಾರೂ ಕೇಳಲಿಲ್ಲ.

ಎಲ್ಲಕ್ಕಿಂತ ನನಗೆ ತಡೆಯಲಾಗದೆ ಹೋದದ್ದು ಸಂಜೆಯ ಪ್ರಾರ್ಥನೆ. ಅಕ್ಕ ಬರುವ ಮೊದಲು ಅದನ್ನು ನಾನು ನಡೆಸುತ್ತಿದ್ದೆ. ಕಂದೀಲು ಹಚ್ಚಿ, ದೇವಮಾತೆಯ ಪಟದ ಮುಂದೆ ಎಲ್ಲರೂ ಮೊಣಕಾಲೂರಿ, ಜಪ ಮುಗಿಸಿ ಏಳುವುದು. ಅಕ್ಕ ಬಂದ ಮೇಲೆ ಕೊನೆಗೆ ಒಂದು ಪದ್ಧತಿ ಸೇರಿತು. ಅವರ ಹಳ್ಳಿಯ ಮನೆಯಲ್ಲಿ ಹಾಗೆಯೇ ನಡೆಯುತ್ತಿತ್ತಂತೆ. ಹಿರಿಯರಿಂದ ಶುರುವಾಗಿ ಒಬ್ಬೊಬ್ಬರೂ ಅಂದು ತಾವು ಮಾಡಿದ ಒಂದು ತಪ್ಪನ್ನು ಬಾಯಿಬಿಟ್ಟು ಹೇಳುವುದು. ಯಾರಿಗೆ ತಪ್ಪಾಗಿದೆಯೋ ಅವರ ಕಡೆ ತಿರುಗಿ ಹೇಳುವುದು. ಮೊದಲು ಅಕ್ಕನೇ ಹೇಳುತ್ತಿದ್ದಳು. "ಅಂತೋಣಿ, ನೀ ಏನೋ ಹೇಳಾಕ ಬಂದಿದ್ದಿ. ಕೆಲಸದಾಗ ನಾ ಕೇಳಲಿಲ್ಲ. ತಪ್ಪಾತು." ನಾಲ್ಕು ವರ್ಷದ ಹುಡುಗ ದೊಡ್ಡ ಮನುಷ್ಯನ ಹಾಗೆ "ಆತು ಬಿಡತ್ತಿ" ಎನ್ನುತ್ತಿದ್ದ. ನನ್ನ ಗಂಡ ಕೂಡ ಹೇಳುತ್ತಿದ್ದರು, ತಲೆ ತಗ್ಗಿಸಿ, ಎರಡೇ ಮಾತಿನಲ್ಲಿ. ನನ್ನ ಸರದಿ ಬಂದಾಗ ನಾನು ದಿನಾ ಒಂದೇ ಉತ್ತರ ಕೊಡುತ್ತಿದ್ದೆ: "ಇವತ್ತ ನಂದೇನಿಲ್ಲ." ಹೆತ್ತ ತಾಯಿ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ನಾಳೆ ಅವು ಮಾತು ಕೇಳಾವೇ ಎಂಬುದು ನನ್ನ ವಾದ. ಅಕ್ಕ ಒಂದು ದಿನವೂ ಒತ್ತಾಯ ಮಾಡಲಿಲ್ಲ. "ಆತವ್ವ" ಎಂದು ಮುಂದಿನವರ ಕಡೆ ತಿರುಗುತ್ತಿದ್ದಳು. ಆ ಒತ್ತಾಯವಿಲ್ಲದ "ಆತವ್ವ" ನನ್ನನ್ನು ಇನ್ನಷ್ಟು ಉರಿಸುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಅಂತೋಣಿ ಅಂಗಿಯ ಮಡಿಲಲ್ಲಿ ಕಲ್ಲಿದ್ದಲು ತುಂಬಿಕೊಂಡು ಬಂದ. ಕ್ವಾರ್ಟರ್ಸಿನ ಹುಡುಗರೆಲ್ಲ ಹಳಿಯ ಬದಿಗೆ ಇಂಜಿನ್ನು ಉದುರಿಸಿದ ಅರೆಸುಟ್ಟ ಚೂರುಗಳನ್ನು ಆಯ್ದು ತರುತ್ತಿದ್ದರು. ಇವನು ತಂದದ್ದು ಹೊಸ, ಮಿರಿಮಿರಿ ಹೊಳೆಯುವ ಇದ್ದಲು. ನಾನು ನೋಡಿದೆ, ನೋಡಿಯೂ "ಜಾಣ ನನ್ನ ಮಗ" ಎಂದು ಬುಟ್ಟಿ ಹಿಡಿದೆ. ಅಕ್ಕ ಹುಡುಗನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಇದು ಬಿದ್ದಿದ್ದೋ, ಇಟ್ಟಿದ್ದೋ?"

ಅಂತೋಣಿ ನನ್ನ ಮುಖ ನೋಡಿದ, ಆಕೆಯ ಮುಖ ನೋಡಿದ. "ಇಟ್ಟಿದ್ದತ್ತಿ. ಗುಂಪಿ ಹಾಕಿದ್ರಲ್ಲ, ಅಲ್ಲಿಂದ."

"ನಡಿ, ಇಬ್ರೂ ಹೋಗಿ ಅಲ್ಲೇ ಇಟ್ಟು ಬರೂಣು." ಅವನ ಮಡಿಲನ್ನು ತಾನೂ ಒಂದು ಕಡೆ ಹಿಡಿದುಕೊಂಡು ಹೊರಟಳು. ನೀಲವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವರು ಬರಿಗೈಯಲ್ಲಿ ತಿರುಗಿ ಬಂದಾಗ ನಾನು ಕೂಗಾಡಿದೆ.

"ನನ್ನ ಮಗನ್ನ ಊರ ಮುಂದ ಕಳ್ಳ ಅಂತ ತೋರಿಸಿದ್ರಿ ನೀವು!"

"ಕಳ್ಳ ಅಂತ ತೋರ್ಸಿಲ್ಲ ತಂಗಿ" ಎಂದಳು ಅಕ್ಕ, ಕರ್ರಗಾದ ಕೈ ತೊಳೆಯುತ್ತ. "ತಿರುಗಿ ಇಡಾಕ ಬರ್ತೈತಿ ಅಂತ ತೋರ್ಸೀನಿ. ಆಂವ ಸಣ್ಣಾಂವ ಅದಾನ. ಈಗ ಹಗೂರ ಇರ್ತೈತಿ."

ಆಕೆ ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಾಗಿತ್ತು. ಸರಿಯಿದ್ದದ್ದೇ ಆಕೆಯ ಅಪರಾಧವಾಗಿ ಕಂಡಿತು.

ನಮ್ಮ ಏಳೆಂಟು ಮನೆಗಳಿಗೆ ಊರಿನಲ್ಲಿ ಖಾಯಂ ಗುರುಗಳಿರಲಿಲ್ಲ. ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಗಾಡಿಗೆ ಒಬ್ಬ ಸ್ವಾಮಿಗಳು ಬರುತ್ತಿದ್ದರು. ಒಂದು ಖಾಲಿ ಕ್ವಾರ್ಟರ್ಸಿನಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ ಪೂಜೆ ಮಾಡುತ್ತಿದ್ದರು. ಅವರು ಬರದ ಭಾನುವಾರಗಳಲ್ಲಿ ನಾನು ಮನೆಯಲ್ಲಿ ಸುವಾರ್ತೆಯ ಒಂದು ಭಾಗ ಓದುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ಕೇಳಿ, "ಇನ್ನೊಮ್ಮೆ ಓದವ್ವ" ಎನ್ನುತ್ತಿದ್ದಳು. ಆ ಮನೆಯಲ್ಲಿ ಆಕೆ ನನ್ನನ್ನು ಕೇಳಿಕೊಳ್ಳುತ್ತಿದ್ದ ಮಾತು ಅದೊಂದೇ. ಆ ಗಳಿಗೆ ಮಾತ್ರ ನನಗೆ ಸಮಾಧಾನ.

ತೆರೇಜಾಗೆ ಎಂಟು ತುಂಬಿದಾಗ ಪ್ರಥಮ ಪರಮಪ್ರಸಾದ, ಎಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು, ನಿಶ್ಚಯವಾಯಿತು. ಬಿಳಿ ಅಂಗಿ ನಾನೇ ಹೊಲಿದೆ. ಹದಿನೈದು ಮಧ್ಯಾಹ್ನ, ಕೈಸೂಜಿಯಲ್ಲಿ. ಕೊರಳ ಸುತ್ತ ಸಣ್ಣ ಸಣ್ಣ ಹೂವು ತೆಗೆದೆ. ಅಂದು ಹುಡುಗಿ ಮಲ್ಲಿಗೆ ಮೊಗ್ಗಿನ ಹಾಗೆ ಕಾಣುತ್ತಿದ್ದಳು. ಪೂಜೆಗೆ ಮೊದಲು ಸ್ವಾಮಿಗಳು ಎಲ್ಲರೆದುರು ಆಕೆಯನ್ನು ಪರೀಕ್ಷಿಸಿದರು. ಒಂದೂ ತಪ್ಪದೆ ಹೇಳಿದಳು. ಅರ್ಥ ಕೇಳಿದರು, ಅದನ್ನೂ ತನ್ನದೇ ಮಾತಿನಲ್ಲಿ ಹೇಳಿದಳು. ಸ್ವಾಮಿಗಳಿಗೆ ಬಹಳ ಸಂತೋಷವಾಯಿತು.

"ಇಷ್ಟು ಚೆನ್ನಾಗಿ ನಿನಗೆ ಯಾರು ಕಲಿಸಿದರು, ಮಗು?"

ನಾನು ಸೆರಗು ಸರಿಮಾಡಿಕೊಂಡೆ.

"ಅತ್ತಿ" ಎಂದಳು ನನ್ನ ಮಗಳು.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಪುಸ್ತಕ ಹಿಡಿದು ಎರಡು ವರ್ಷ ಗಂಟಲು ಹರಿದುಕೊಂಡವಳು ನಾನು, ಅಂಗಿ ಹೊಲಿದವಳು ನಾನು, ಒಂಬತ್ತು ತಿಂಗಳು ಹೊತ್ತವಳು ನಾನು. ಅಂದು ಪರಮಪ್ರಸಾದಕ್ಕೆ ನಾನು ಎದ್ದು ಹೋಗಲಿಲ್ಲ. ತಲೆನೋವು ಎಂದೆ.

ಅಷ್ಟರಲ್ಲಿ ನಿಜಾಮನ ಆಳಿಕೆ ಮುಗಿದು ವರ್ಷದ ಮೇಲಾಗಿತ್ತು. ಓಡಿ ಬಂದವರಲ್ಲಿ ಬಹಳ ಜನ ಊರು ಸೇರಿದ್ದರು. ಅಕ್ಕ ಹೋಗುವ ಮಾತೆತ್ತಿದಾಗಲೆಲ್ಲ ನನ್ನ ಗಂಡ ತಡೆದಿದ್ದರು. ಪರಮಪ್ರಸಾದದ ಮರುವಾರ ನಾನು ಎರಡು ಸುಳ್ಳು ಹೇಳಿದೆ. ಗಂಡನಿಗೆ: "ಅಕ್ಕಾರಿಗೆ ಊರಿನ ಹಂಬಲ ಹತ್ತೇತ್ರಿ. ನಿಮ್ಮ ಮುಂದ ಹೇಳಾಕ ಸಂಕೋಚ. ನನ್ನ ಮುಂದ ಅತ್ತರು." ಅಕ್ಕನಿಗೆ: "ನಿಮ್ಮ ತಮ್ಮಗ ಮನಿ ನಡಸೂದು ಭಾರ ಆಗೇತ್ರಿ. ಒಡಹುಟ್ಟಿದಾಕಿಗೆ ಹೆಂಗ ಹೇಳ್ಲಿ ಅಂತ ಒದ್ದಾಡಾಕ ಹತ್ಯಾರ."

ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆತವ್ವ" ಎಂದಳು.

ಕೊಪ್ಪಳದ ಗಾಡಿಗೆ ಹತ್ತಿಸಲು ಎಲ್ಲರೂ ಹೋದೆವು. ಅಂತೋಣಿ ಆಕೆಯ ಸೀರೆ ಬಿಡಲೊಲ್ಲ. "ಸಂಜಿ ಪ್ರಾರ್ಥನಿ ಯಾರು ಹೇಳ್ತಾರತ್ತಿ?" ಎಂದು ತೆರೇಜಾ ಅತ್ತಳು.

"ನಿಮ್ಮವ್ವ ಅದಾಳಲ್ಲ" ಎಂದಳು ಅಕ್ಕ. "ನನಗ ಅಕ್ಷರ ಬರಾಂಗಿಲ್ಲ. ದೇವ್ರ ಮಾತು ನಾ ಕೇಳಿದ್ದು ನಿಮ್ಮವ್ವನ ಬಾಯಿಲೆ. ನನಗ ಕಲ್ಸಿದಾಕಿ ನಿಮಗ ಕಲ್ಸಾಂಗಿಲ್ಲೇನು?"

ಗಾಡಿ ಹೊರಟಿತು. ಗೆದ್ದೆ ಅಂದುಕೊಂಡೆ.

ಗೆದ್ದ ಮನೆ ಹೇಗಿತ್ತು ಅಂದರೆ, ಮಕ್ಕಳು ಹೇಳಿದ ಹೊತ್ತಿಗೆ ಮೊಣಕಾಲೂರುತ್ತಿದ್ದರು, ತುಟಿ ಆಡಿಸುತ್ತಿದ್ದರು, ಏಳುತ್ತಿದ್ದರು. ನಾನು ಬೆಳೆದ ಬೋರ್ಡಿಂಗೇ ನನ್ನ ಮನೆಗೆ ಬಂದು ಕೂತಿತ್ತು. ಕೊನೆಗೆ ತಪ್ಪು ಹೇಳುವ ಪದ್ಧತಿಯನ್ನು ನಾನು ಬಿಡಿಸಿದೆ. ಅವರು ಮರೆಯಲಿಲ್ಲ. ಎರಡು ತಿಂಗಳ ಮೇಲೆ ಒಂದು ಸಂಜೆ, ಜಪ ಮುಗಿಸಿ ನಾನು ಏಳುವಷ್ಟರಲ್ಲಿ ಅಂತೋಣಿ ತಾನಾಗಿಯೇ ತೆರೇಜಾಳ ಕಡೆ ತಿರುಗಿದ. "ತೆರೇಜಕ್ಕ, ನಿನ್ನ ಬಳಪ ನಾನ ಮುರದಿದ್ದೆ. ತಪ್ಪಾತು." ತೆರೇಜಾ, "ನಾ ನಿನ್ನ ಮ್ಯಾಲೆ ಸುಳ್ಳ ದೂರು ಹೇಳಿದ್ದೆ" ಎಂದಳು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು.

"ಅವ್ವಾ, ನಿಂದು?"

ನನ್ನ ಗಂಡ ಅಲ್ಲೇ ಇದ್ದರು, ಡ್ಯೂಟಿಯಿಂದ ಬಂದವರು ಅಂಗಿಯನ್ನೂ ಕಳಚದೆ ಮೊಣಕಾಲೂರಿದ್ದರು. "ನಂದೇನಿಲ್ಲ" ಎನ್ನಲು ಬಾಯಿ ತೆರೆದೆ. ಮಕ್ಕಳ ಮುಖದಲ್ಲಿ ತಕರಾರಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದವು. ಆ ಕಾಯುವುದನ್ನು ಕಲಿಸಿದವಳು ಯಾರೆಂದು ನನಗೆ ಗೊತ್ತಿತ್ತು.

"ಅತ್ತಿನ್ನ ಕಳ್ಸಿದಾಕಿ ನಾನು" ಎಂದೆ. "ನಿಮ್ಮಪ್ಪಗೂ ಸುಳ್ಳ ಹೇಳಿದೆ, ಆಕಿಗೂ ಸುಳ್ಳ ಹೇಳಿದೆ. ನೀವು ಆಕಿನ್ನ ನನಗಿಂತ ಹೆಚ್ಚು ಹಚ್ಚಿಗೊಂಡ್ರಿ ಅಂತ ಹೊಟ್ಟಿಕಿಚ್ಚು ಬಂದಿತ್ತು."

ನನ್ನ ಗಂಡ ಎದ್ದು ಹೊರಗೆ ಹೋದರು. ತೆರೇಜಾ ಹತ್ತಿರ ಸರಿದು ಬಂದು, ಎಷ್ಟೋ ದಿನಗಳ ಮೇಲೆ, ನನ್ನ ಮಡಿಲಲ್ಲಿ ತಲೆಯಿಟ್ಟಳು. ನಾನು ಹೆದರಿದ್ದು ಆಗಲಿಲ್ಲ. ಮಕ್ಕಳ ಕಣ್ಣಲ್ಲಿ ಸಣ್ಣವಳಾಗಲಿಲ್ಲ. ಸ್ವಲ್ಪ ಹೊತ್ತಿಗೆ ಗಂಡ ಒಳಗೆ ಬಂದು, "ನನ್ನ ಮುಂದ ಹೇಳಿದ್ದು ಮುಗೀತು. ಆಕಿ ಮುಂದ ಹೇಳೂದು ಇನ್ನ ಐತಿ. ರೈಲ್ವೆ ಪಾಸು ತಂದು ಕೊಡ್ತೀನಿ, ಹೋಗಿ ಬಾ" ಎಂದರು. ಅದಕ್ಕಿಂತ ಹೆಚ್ಚು ಅವರು ನನಗೆ ಎಂದೂ ಅನ್ನಲಿಲ್ಲ.

ತೆರೇಜಾಳನ್ನು ಕರೆದುಕೊಂಡು ಹೋದೆ. ಕೊಪ್ಪಳದ ತನಕ ಗಾಡಿ, ಮುಂದೆ ಬಸ್ಸು, ಕೊನೆಗೆ ಯಾರದೋ ಚಕ್ಕಡಿ. ಅಕ್ಕ ದಾಯಾದಿಗಳ ಮನೆಯ ಪಡಸಾಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ತಂಗಿ. ನನ್ನ ತಮ್ಮಗ ಹಂಗ ಅನ್ನಾಕ ಬರಾಂಗಿಲ್ಲ."

"ಗೊತ್ತಿದ್ದೂ ಯಾಕ ಹೋದ್ರಿ? ಯಾಕ ನನ್ನ ಮುಖಕ್ಕ ಹೇಳಲಿಲ್ಲ?"

ಆಗ ಆಕೆ ನೂಲನ್ನು ಕೆಳಗಿಟ್ಟಳು. "ನಂದೂ ಒಂದೈತಿ. ಹೇಳಬೇಕಿತ್ತು, ಹೇಳಿಲ್ಲ. ಅವತ್ತ ಸಾಮಿಗೋಳು ಯಾರು ಕಲ್ಸಿದ್ರು ಅಂದಾಗ ಹುಡುಗಿ ನನ್ನ ಹೆಸರ ಹೇಳ್ತು. ಆಕಿಗೆ ಅಕ್ಷರ ಕಲ್ಸಿದಾಕಿ ನೀನು. 'ಇಲ್ಲರಿ ಸಾಮಿ, ಅವ್ವ ಕಲ್ಸ್ಯಾಳ' ಅಂತ ನಾ ಅನಬೇಕಿತ್ತು. ಅನಲಿಲ್ಲ. ಸಂತೋಷ ಆತು ನನಗ. ಆಗಬಾರದಷ್ಟು ಸಂತೋಷ ಆತು." ಆಕೆಯ ದನಿ ತಗ್ಗಿತು. "ನನ್ನ ಕೂಸು ಇದ್ದಿದ್ರ ಅದಕ್ಕೂ ಬಿಳಿ ಅಂಗಿ ಹೊಲೀತಿದ್ದೆ. ನೀ ಹೂವು ತಗೀತಾ ಕುಂತಾಗ ನಿನ್ನ ಬೆರಳು ನೋಡಿ ನನಗೂ ಕಿಚ್ಚು ಬರ್ತಿತ್ತವ್ವ. ಅದಕ್ಕ ಹೋದೆ. ನೀ ಕಳ್ಸಿದಿ ಅಂತಲ್ಲ."

ಎರಡು ವರ್ಷ ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಒಬ್ಬರ ಕೈಯನ್ನು ಒಬ್ಬರು ನೋಡಿ ಬೆಂದಿದ್ದೆವು. ನನಗೆ ಅಳು ಬಂತು, ಆಕೆಗೆ ನಗು ಬಂತು.

ಎಷ್ಟು ಕರೆದರೂ ಇರಲು ಬರಲಿಲ್ಲ. ಆದರೆ ಪ್ರತಿ ಕ್ರಿಸ್‌ಮಸ್ಸಿಗೆ, ಈಸ್ಟರಿನ ಪಾಸ್ಕ ಹಬ್ಬಕ್ಕೆ ಬಂದು ವಾರವಿದ್ದು ಹೋಗುತ್ತಿದ್ದಳು. ಪ್ರಾರ್ಥನೆಯ ಹೊತ್ತಿಗೆ ಬೇಕೆಂದೇ ನನ್ನ ಹಿಂದೆ ಮೊಣಕಾಲೂರುತ್ತಿದ್ದಳು. ನಾನು ಪುಸ್ತಕದ ಪ್ರಶ್ನೆಗಳನ್ನು ಬಿಡಲಿಲ್ಲ. ಆದರೆ ಉತ್ತರ ತಪ್ಪಿದರೆ ಕೈ ಎತ್ತುವುದನ್ನು ಬಿಟ್ಟೆ. ಮರೆತು ಎತ್ತಿದ ದಿನ ಸಂಜೆ ಹೇಳಿಕೊಂಡೆ. ಅವರ ಸೀಮೆ, ನಮ್ಮ ಸೀಮೆ ಕೂಡಿ ಒಂದೇ ರಾಜ್ಯವಾದ ವರ್ಷದ ಕ್ರಿಸ್‌ಮಸ್ಸಿಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತು, "ಈಗ ಬ್ಯಾರೆ ಸೀಮಿಯಾಕಿ ಅಂತ ನನ್ನ ಕಳ್ಸಾಕ ಬರಾಂಗಿಲ್ಲ ನೋಡು" ಎಂದು ನನ್ನನ್ನು ಕಾಡಿಸಿದಳು. ಅದೇ ಆಕೆ ಬಂದ ಕೊನೆಯ ಹಬ್ಬ. ಪಾಸ್ಕಕ್ಕೆ ಮೊದಲೇ, ಬೇಸಿಗೆ ಶುರುವಾಗುವಾಗ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ಖಬರ ಮುಟ್ಟಿ ನಾವು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ಮನೆಯ ಮುಂದೆ ಚಾಪೆಯ ಮೇಲೆ ಮಕ್ಕಳು ಕೂತಿದ್ದರು. ಇಪ್ಪತ್ತೋ ಮೂವತ್ತೋ ಇದ್ದರು. ಅತ್ತೂ ಅತ್ತೂ ಎಲ್ಲರ ಮುಖ ಬಾತುಕೊಂಡಿತ್ತು. ಯಾರೂ ನಮ್ಮ ಬಳಗದವರಲ್ಲ. ಪಡಸಾಲೆಯಲ್ಲಿ ಇಷ್ಟು ವರ್ಷ ದಿನಾ ಸಂಜೆ ಅವರನ್ನು ಕೂಡಿಸಿಕೊಂಡು ಪ್ರಾರ್ಥನೆ ಕಲಿಸುತ್ತಿದ್ದಳೆಂದು ಆಗ ಗೊತ್ತಾಯಿತು. ನಮ್ಮ ಮನೆಯಲ್ಲಿ ಆಕೆ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಒಂದು ಹುಡುಗಿ, ಹತ್ತು ವರ್ಷದವಳಿರಬೇಕು, ನನ್ನನ್ನು ನೋಡಿ ಕೇಳಿದಳು.

"ನೀವು ಯಾರ್ರಿ? ನಮ್ಮ ಅತ್ತಿಗೆ ಏನಾಗಬೇಕು?"

ನಮ್ಮ ಅತ್ತಿ ಎಂದಳು. "ಆಕಿ ಮೊದ್ಲ ನಮ್ಮ ಮನ್ಯಾಗಿದ್ದಾಕಿ" ಎಂದೆ, ಸ್ವಲ್ಪ ಬಿರುಸಾಗಿಯೇ.

"ಹೌದ? ಮತ್ಯಾಕ ಬಿಟ್ರಿ?"

ಸುತ್ತಲಿದ್ದ ಹೆಂಗಸರು ಆಕೆಯನ್ನು ಗದರಿಸಿದರು. ನಾನು ಬೇಡವೆಂದು ಕೈ ಮಾಡಿದೆ.

"ಹೊಟ್ಟಿಕಿಚ್ಚಿಗೆ" ಎಂದೆ.

ಹುಡುಗಿ ಯೋಚಿಸಿತು. "ಈಗ ಹೋತೇನ್ರಿ?"

"ಇಲ್ಲವ್ವ" ಎಂದೆ. "ಈಗ ನಿಮ್ಮ ಮ್ಯಾಲೆ ಐತಿ."

ಆಕೆ ನನ್ನನ್ನು ಒಂದು ಗಳಿಗೆ ನೋಡಿ, ಮೂಗೊರೆಸಿಕೊಂಡು, ಚಾಪೆಯ ಮೇಲೆ ಒತ್ತಟ್ಟಿಗೆ ಸರಿದು ನನಗೆ ಜಾಗ ಮಾಡಿಕೊಟ್ಟಳು.